ಸೈಲೆಂಟ್ ಇನ್‌ಸ್ಟಾಲ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ರಾತ್ರಿ 60 ಕಂಪ್ಯೂಟರುಗಳಿಗೆ ಒಂದು ದೊಡ್ಡ ಪ್ಯಾಕೇಜ್ (ಸಾಫ್ಟ್‌ವೇರ್ ಹಾಕುವ ಫೈಲುಗಳ ಗಂಟು) ಕಳಿಸಿ ಮನೆಗೆ ಹೋಗಿರುತ್ತೀರಿ. ಬೆಳಿಗ್ಗೆ ಬಂದು ನೋಡಿದರೆ 41 ಹಸಿರು, 12 ಕೆಂಪು. ಉಳಿದ 7 ಇನ್ನೂ ‘ನಡೆಯುತ್ತಿದೆ’ ಅಂತಲೇ ತೋರಿಸುತ್ತಿವೆ. ಆಗ ಕೈ ತಾನಾಗಿ ‘ಮತ್ತೆ ಪ್ರಯತ್ನಿಸು’ ಬಟನ್ ಕಡೆ ಹೋಗುತ್ತದೆ. ಒತ್ತಬೇಡಿ. ಸೈಲೆಂಟ್ ಇನ್‌ಸ್ಟಾಲ್, ಅಂದರೆ ಪರದೆಯಲ್ಲಿ ಏನೂ ಕೇಳದೆ ತಾನೇ ನಡೆಯುವ ಇನ್‌ಸ್ಟಾಲ್, ಸರಿಯಾಗಿ ನಡೆದಾಗಲೂ ಬಾಯಿ ಬಿಡುವುದಿಲ್ಲ, ಕೆಟ್ಟಾಗಲೂ ಬಾಯಿ ಬಿಡುವುದಿಲ್ಲ. ಮತ್ತೆ ಒತ್ತಿದರೆ ಅದೇ ಕಾರಣಕ್ಕೆ ಮತ್ತೆ ಕೆಡುತ್ತದೆ. ಎಷ್ಟೋ ಸಲ ಹಳೆಯ ಲಾಗ್ (ಏನೇನು ನಡೆಯಿತು ಅನ್ನುವ ದಾಖಲೆ) ಮೇಲೆ ಹೊಸದು ಬಂದು ಕೂತು, ಇದ್ದ ಒಂದು ಸಾಕ್ಷಿಯೂ ಹೋಗುತ್ತದೆ.

ಉಳಿದವುಗಳಿಗೆ ಹಂಚುವುದನ್ನು ಮೊದಲು ನಿಲ್ಲಿಸಿ. ಕೆಂಪಾದವುಗಳಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ. ಅದರ ಲಾಗ್ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಡಿ. ಆಮೇಲೆ ಕೆಳಗಿನ ಲಕ್ಷಣಗಳಲ್ಲಿ ನಿಮ್ಮದು ಯಾವುದು ನೋಡಿ. ಇಲ್ಲಿರುವುದೆಲ್ಲ ವಿಂಡೋಸ್ ಕಂಪ್ಯೂಟರುಗಳ ಮಾತು. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಚಿಹ್ನೆಗಳನ್ನು ನೀವೇ ಹಾಕಿಕೊಳ್ಳಿ.

ಶುರುವೇ ಆಗಿಲ್ಲ: ಲಾಗ್ ಇಲ್ಲ, ಫೈಲೂ ಬಂದಿಲ್ಲ

ನಾಚಿಕೆ ಬಿಟ್ಟು ಸುಲಭದ್ದನ್ನು ಮೊದಲು ನೋಡಿ. ಕಂಪ್ಯೂಟರ್ ಆನ್ ಇತ್ತಾ? ಸ್ಲೀಪ್‌ಗೆ ಹೋಗಿತ್ತಾ? ಲ್ಯಾಪ್‌ಟಾಪ್ ಆದರೆ ಅವತ್ತು ಆಫೀಸಿನಲ್ಲೇ ಇತ್ತಾ? ಹೆಸರು ಹಾಕಿ ಪಿಂಗ್ ಮಾಡಿದಾಗ ಉತ್ತರ ಬಂದರೆ ಸಾಲದು. ಉತ್ತರ ಕೊಟ್ಟ ಐಪಿ ಆ ಮಷೀನಿನದ್ದೇನಾ ನೋಡಿ. ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹುಡುಕಿಕೊಡುವ ಪಟ್ಟಿ) ಹಳೆಯ ನಮೂದು ಉಳಿದಿದ್ದರೆ ನೀವು ಕೂಗಿದ್ದು ಒಬ್ಬರನ್ನು, ಓ ಅಂದಿದ್ದು ಇನ್ನೊಬ್ಬರು ಅನ್ನುವಂತಾಗುತ್ತದೆ.

ಗಡಿಯಾರವನ್ನೂ ನೋಡಿ. ಡೊಮೇನ್ ಕಂಟ್ರೋಲರಿಗೂ (ಆಫೀಸಿನ ಲಾಗಿನ್‌ಗಳನ್ನು ನೋಡಿಕೊಳ್ಳುವ ಸರ್ವರ್) ಕಂಪ್ಯೂಟರಿಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗುರುತು ಪರೀಕ್ಷಿಸುವ ಕೆರ್ಬೆರೋಸ್ ವ್ಯವಸ್ಥೆ ಅದನ್ನು ಒಪ್ಪುವುದಿಲ್ಲ. ಡೀಫಾಲ್ಟ್ ಮಿತಿ ಅಷ್ಟೇ. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತ ಹಳೆಯ ಮಷೀನುಗಳಲ್ಲಿ ಇದನ್ನು ಮರೆಯಬೇಡಿ.

ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಕಡೆಯಿಂದ ನಿಯಮ ಕಳಿಸುವ ವಿಂಡೋಸ್ ವ್ಯವಸ್ಥೆ) ಮೂಲಕ ಹಂಚುತ್ತಿದ್ದರೆ, ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಜಿಪಿರಿಸಲ್ಟ್ ಸ್ಲಾಶ್ ಆರ್’ ಓಡಿಸಿ. ಅಡ್ಮಿನ್ ಆಗಿ ತೆರೆಯದಿದ್ದರೆ ಕಂಪ್ಯೂಟರಿಗೆ ಸೇರಿದ ಭಾಗ ಕಾಣುವುದೇ ಇಲ್ಲ. ಪಟ್ಟಿಯಲ್ಲಿ ನಿಮ್ಮ ಪಾಲಿಸಿಯ ಹೆಸರು ಇಲ್ಲದಿದ್ದರೆ ಪ್ಯಾಕೇಜನ್ನು ಅನುಮಾನಿಸಬೇಡಿ. ಕಂಪ್ಯೂಟರ್ ತಪ್ಪು ಓಯುನಲ್ಲಿ (ಡೊಮೇನಿನೊಳಗಿನ ಗುಂಪು) ಕೂತಿದೆ, ಇಲ್ಲವೇ ಯಾವುದೋ ಫಿಲ್ಟರ್ ತಡೆದಿದೆ. ಹೆಸರು ಇದ್ದೂ ಇನ್‌ಸ್ಟಾಲ್ ಆಗಿಲ್ಲವೇ? ಕಂಪ್ಯೂಟರಿಗೆ ಅಸೈನ್ ಮಾಡಿದ ಸಾಫ್ಟ್‌ವೇರ್ ಕೂರುವುದು ಬೂಟ್ ಆಗುವಾಗ ಮಾತ್ರ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ‘ಶಟ್ ಡೌನ್’ ನಿಜವಾದ ಶಟ್ ಡೌನ್ ಅಲ್ಲ. ವಿಂಡೋಸಿನ ಕರ್ನೆಲ್ ಅರೆನಿದ್ದೆಯಲ್ಲೇ ಇರುತ್ತದೆ. ಹಾಗಾಗಿ ‘ದಿನಾ ಆಫ್ ಮಾಡ್ತೀನಿ ಸಾರ್’ ಅನ್ನುವವರಿಗೂ ‘ರೀಸ್ಟಾರ್ಟ್ ಒತ್ತಿ’ ಅಂತಲೇ ಹೇಳಬೇಕು.

ಈವೆಂಟ್ ವ್ಯೂವರಿನಲ್ಲಿ 1129 ಕಂಡರೆ, ಪಾಲಿಸಿ ಓದುವ ಹೊತ್ತಿಗೆ ನೆಟ್‌ವರ್ಕ್ ಎದ್ದಿರಲಿಲ್ಲ ಅಂತ ಅರ್ಥ. ಬೂಟ್ ಆಗುವಾಗ ನೆಟ್‌ವರ್ಕಿಗೆ ಕಾಯುವ ಪಾಲಿಸಿಯೊಂದಿದೆ, ಅದನ್ನು ಆನ್ ಮಾಡಿ. ಬೂಟ್ ಸ್ವಲ್ಪ ನಿಧಾನವಾಗುತ್ತದೆ. ನಾಲ್ಕು ಜನ ಗೊಣಗುತ್ತಾರೆ, ಗೊಣಗಲಿ.

ನಾನು ಕೂತು ಹಾಕಿದರೆ ಆಗುತ್ತೆ, ದೂರದಿಂದ ಕಳಿಸಿದರೆ ಆಗಲ್ಲ

ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ದೂರು ಇದು. ತಪ್ಪು ಪ್ಯಾಕೇಜಿನಲ್ಲಿ ಇರುವುದು ಅಪರೂಪ. ನೀವು ಕೂತು ಹಾಕಿದಾಗ ಹಾಕಿದ್ದು ನೀವು. ದೂರದಿಂದ ಕಳಿಸಿದಾಗ ಸಾಮಾನ್ಯವಾಗಿ ಹಾಕುವುದು ‘ಸಿಸ್ಟಂ’ ಅನ್ನುವ ಖಾತೆ. ಮನೇಲಿ ಹುಲಿ, ಬೀದೀಲಿ ಇಲಿ ಅಂತಾರಲ್ಲ, ಇದೇ ಅದು. ಆ ಕಂಪ್ಯೂಟರಿನ ಒಳಗೆ ಅದಕ್ಕೆ ಹೆಚ್ಚುಕಮ್ಮಿ ತಡೆಯೇ ಇಲ್ಲ. ನೆಟ್‌ವರ್ಕಿಗೆ ಕಾಲಿಟ್ಟ ಕೂಡಲೇ ಅದು ಕಂಪ್ಯೂಟರಿನ ಹೆಸರಿನ ಹಿಂದೆ ಡಾಲರ್ ಚಿಹ್ನೆ ಅಂಟಿಸಿಕೊಂಡ ಒಂದು ಸಾದಾ ಖಾತೆ.

ಆದ್ದರಿಂದ ಮೊದಲು ಪ್ಯಾಕೇಜಿನ ದಾರಿ ನೋಡಿ. ‘ಝಡ್ ಡ್ರೈವಿನಲ್ಲಿದೆ’ ಅಂತ ಬರೆದಿದ್ದೀರಾ? ಆ ಡ್ರೈವ್ ನಿಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಸಿಸ್ಟಂ ಖಾತೆಗೆ ಝಡ್ ಅನ್ನುವುದೇ ಇಲ್ಲ. ಎರಡು ಬ್ಯಾಕ್‌ಸ್ಲಾಶಿನಿಂದ ಶುರುವಾಗಿ ಸರ್ವರ್ ಹೆಸರು, ಶೇರ್ (ನೆಟ್‌ವರ್ಕಿನಲ್ಲಿ ಹಂಚಿಟ್ಟ ಫೋಲ್ಡರ್) ಹೆಸರು ಬರುವ ಪೂರ್ತಿ ದಾರಿ ಕೊಡಿ.

ಆಮೇಲೆ ಆ ಶೇರಿನ ಅನುಮತಿ. ‘ಡೊಮೇನ್ ಯೂಸರ್ಸ್’ಗೆ ಓದುವ ಅನುಮತಿ ಕೊಟ್ಟು, ‘ಡೊಮೇನ್ ಕಂಪ್ಯೂಟರ್ಸ್’ ಮರೆಯುವವರೇ ಹೆಚ್ಚು. ಅದೂ ಎರಡು ಕಡೆ ಕೊಡಬೇಕು: ಶೇರ್ ಪರ್ಮಿಷನ್ನಿನಲ್ಲಿ ಒಂದು, ಫೋಲ್ಡರಿನ ಸೆಕ್ಯುರಿಟಿ ಟ್ಯಾಬಿನಲ್ಲಿ ಒಂದು. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಓದುವ ಅನುಮತಿ ಸಾಕು. ‘ಎಲ್ಲರಿಗೂ ಫುಲ್ ಕಂಟ್ರೋಲ್’ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ದಯವಿಟ್ಟು ಬೇಡ. ಆ ಫೋಲ್ಡರಿನಲ್ಲಿ ಯಾರಾದರೂ ಫೈಲ್ ಬದಲಿಸಿದರೆ ಅದು 60 ಕಂಪ್ಯೂಟರುಗಳಲ್ಲಿ ಪೂರ್ಣ ಅಧಿಕಾರದಿಂದ ಓಡುತ್ತದೆ.

ಪವರ್‌ಶೆಲ್ ರಿಮೋಟಿಂಗ್ (ದೂರದ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸುವ ವಿಧಾನ) ಬಳಸುವವರಿಗೆ ಇನ್ನೊಂದು ಗುಂಡಿ ಇದೆ. ನಿಮ್ಮ ಕಂಪ್ಯೂಟರಿನಿಂದ ಎರಡನೆಯದಕ್ಕೆ ಹೋಗಿ, ಅಲ್ಲಿಂದ ಮೂರನೆಯದಾದ ಫೈಲ್ ಸರ್ವರನ್ನು ಮುಟ್ಟಲು ಹೋದರೆ ‘ಆಕ್ಸೆಸ್ ಡಿನೈಡ್’ ಬರುತ್ತದೆ. ನಿಮ್ಮ ಗುರುತು ಒಂದು ನೆಗೆತಕ್ಕೆ ಮಾತ್ರ ಸಲ್ಲುತ್ತದೆ, ಎರಡನೆಯ ನೆಗೆತಕ್ಕೆ ಇಲ್ಲ. ಸುಲಭದ ಪರಿಹಾರ: ಫೈಲನ್ನು ಮೊದಲು ಆ ಕಂಪ್ಯೂಟರಿಗೇ ಕಾಪಿ ಮಾಡಿ, ಅಲ್ಲಿಂದಲೇ ಓಡಿಸಿ. ಸ್ಕ್ರಿಪ್ಟಿನೊಳಗೆ ಅಡ್ಮಿನ್ ಪಾಸ್‌ವರ್ಡ್ ಬರೆದಿಡುವುದು ಪರಿಹಾರ ಅಲ್ಲ.

ಅನುಮಾನ ಇದ್ದರೆ ಸಿಸ್ಟಂ ಖಾತೆಯ ಕಣ್ಣಿನಿಂದಲೇ ನೋಡಿ. ಪಿಎಸ್‌ಎಕ್ಸೆಕ್ ಅನ್ನುವ ಮೈಕ್ರೋಸಾಫ್ಟಿನ ಸಣ್ಣ ಟೂಲಿಗೆ ಹೈಫನ್ ಐ, ಹೈಫನ್ ಎಸ್ ಕೊಟ್ಟು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ‘ಹೂಆಮ್‌ಐ’ ಅಂತ ಕೇಳಿದರೆ ನಿಮ್ಮ ಹೆಸರಿನ ಬದಲು ‘ಎನ್‌ಟಿ ಅಥಾರಿಟಿ, ಸಿಸ್ಟಂ’ ಅನ್ನಬೇಕು. ಅಲ್ಲಿಂದ ಶೇರಿನ ದಾರಿಗೆ ‘ಡಿಐಆರ್’ ಹಾಕಿ. ಫೈಲ್ ಕಂಡರೆ ಅನುಮತಿ ಸರಿ. ಕಾಣದಿದ್ದರೆ ನಿಮ್ಮ ರೋಗ ಸಿಕ್ಕಿತು. ಒಂದು ಎಚ್ಚರಿಕೆ: ಈ ಟೂಲನ್ನು ದಾಳಿಕೋರರೂ ಬಳಸುವುದರಿಂದ ಆಂಟಿವೈರಸ್ ಕೂಗಿಕೊಳ್ಳಬಹುದು. ಭದ್ರತೆ ನೋಡಿಕೊಳ್ಳುವವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ.

ನಡೀತಾನೇ ಇದೆ, ಮುಗಿಯುತ್ತಿಲ್ಲ

ಟಾಸ್ಕ್ ಮ್ಯಾನೇಜರ್ ತೆರೆದು ಇನ್‌ಸ್ಟಾಲರಿನ ಪ್ರಕ್ರಿಯೆ ಹುಡುಕಿ, ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಸಿಪಿಯು ಅಥವಾ ಡಿಸ್ಕ್ ಏರಿಳಿಯುತ್ತಿದ್ದರೆ ಅದು ಬದುಕಿದೆ, ಮುಟ್ಟಬೇಡಿ. ದೊಡ್ಡ ಪ್ಯಾಕೇಜ್ ಬಿಚ್ಚುವಾಗ ಆಂಟಿವೈರಸ್ ಸಾವಿರಾರು ಸಣ್ಣ ಫೈಲುಗಳನ್ನು ಒಂದೊಂದಾಗಿ ಮೂಸುತ್ತದೆ, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ಮಧ್ಯದಲ್ಲಿ ಕೊಂದರೆ ಅರ್ಧ ಇನ್‌ಸ್ಟಾಲ್ ಉಳಿದು, ಆಮೇಲೆ ಹಾಕಲೂ ಆಗದು, ತೆಗೆಯಲೂ ಆಗದು.

ಎರಡೂ ಸೊನ್ನೆಯಲ್ಲಿ ನಿಂತಿದ್ದರೆ ಕಥೆ ಬೇರೆ. ಅದು ಯಾರದೋ ಉತ್ತರಕ್ಕೆ ಕಾಯುತ್ತಿದೆ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಸರ್ವಿಸುಗಳು ‘ಸೆಷನ್ 0’ ಅನ್ನುವ ಬೇರೆಯೇ ಕೋಣೆಯಲ್ಲಿ ಓಡುತ್ತವೆ. ಅಲ್ಲಿ ತೆರೆದ ಕಿಟಕಿ ಬಳಕೆದಾರರ ಪರದೆಗೆ ಬರುವುದಿಲ್ಲ. ಇನ್‌ಸ್ಟಾಲರ್ ‘ಓಕೆ ಒತ್ತಿ’ ಅನ್ನುತ್ತಾ ಕೂತಿರುತ್ತದೆ. ಒತ್ತುವವರು ಯಾರು?

ನನಗೊಮ್ಮೆ ಹೀಗೆ ಆಗಿತ್ತು. ಒಂದು ಡ್ರಾಯಿಂಗ್ ಸಾಫ್ಟ್‌ವೇರ್, ಅರ್ಧ ಮಷೀನುಗಳಲ್ಲಿ ಸಲೀಸು, ಅರ್ಧದಲ್ಲಿ ಇಡೀ ರಾತ್ರಿ ನಿಂತಿದೆ. ಎಲ್ಲಾ ಒಂದೇ ಮಾಡೆಲ್, ಒಂದೇ ವಿಂಡೋಸ್. ಕೊನೆಗೆ ನಿಂತಿದ್ದ ಒಂದು ಮಷೀನಿನಲ್ಲಿ ಪಿಎಸ್‌ಎಕ್ಸೆಕ್ ಮೂಲಕ ಪರದೆಗೆ ಕಾಣುವ ಹಾಗೆ ಅದೇ ಕಮಾಂಡ್ ಓಡಿಸಿದೆ. ‘ಈ ಡಿವೈಸ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲೇ?’ ಅಂತ ಒಂದು ಸಣ್ಣ ಕಿಟಕಿ. ಪ್ಯಾಕೇಜಿನ ಹೊಟ್ಟೆಯಲ್ಲಿ ಲೈಸೆನ್ಸ್ ಡಾಂಗಲಿನ (ಕಂಪ್ಯೂಟರಿಗೆ ಚುಚ್ಚುವ ಲೈಸೆನ್ಸ್ ಕೀಲಿ) ಡ್ರೈವರ್ ಇತ್ತು. ಸಲೀಸಾಗಿ ಮುಗಿದ ಮಷೀನುಗಳಲ್ಲಿ ಯಾರೋ ಹಿಂದೊಮ್ಮೆ ‘ಈ ಕಂಪನಿಯನ್ನು ಯಾವಾಗಲೂ ನಂಬು’ ಅಂತ ಟಿಕ್ ಹಾಕಿದ್ದರು. ಆ ಕಂಪನಿಯ ಸರ್ಟಿಫಿಕೇಟನ್ನು ಎಲ್ಲ ಮಷೀನುಗಳ ‘ಟ್ರಸ್ಟೆಡ್ ಪಬ್ಲಿಷರ್ಸ್’ ಪಟ್ಟಿಗೆ ಪಾಲಿಸಿ ಮೂಲಕ ಸೇರಿಸಿದ ಮೇಲೆ ಉಳಿದವೂ ಮುಗಿದವು.

ಕಾಯುವುದಕ್ಕೆ ಬೇರೆ ಕಾರಣಗಳೂ ಇವೆ. ಇಂಟರ್ನೆಟ್ಟಿನಿಂದ ಇಳಿಸಿದ ಫೈಲಿಗೆ ವಿಂಡೋಸ್ ‘ಹೊರಗಿನದು’ ಅಂತ ಗುರುತು ಹಾಕಿರುತ್ತದೆ, ಓಡಿಸುವಾಗ ಅನುಮತಿ ಕೇಳುತ್ತದೆ. ಫೈಲಿನ ಪ್ರಾಪರ್ಟೀಸಿನಲ್ಲಿ ‘ಅನ್‌ಬ್ಲಾಕ್’ ಮಾಡಿ ಆಮೇಲೆ ಶೇರಿಗೆ ಹಾಕಿ. ಅದಕ್ಕೆ ಮುಂಚೆ ಅದರ ಡಿಜಿಟಲ್ ಸಹಿ ನೋಡಿಕೊಳ್ಳಿ, ಗೊತ್ತಿಲ್ಲದ ಫೈಲಿನ ಬೀಗ ತೆಗೆಯಬೇಡಿ.

ಇಲ್ಲವೇ ಸ್ವಿಚ್, ಅಂದರೆ ಕಮಾಂಡಿಗೆ ಸೇರಿಸುವ ಸೂಚನೆ, ತಪ್ಪಿರುತ್ತದೆ. ಎಂಎಸ್‌ಐ (ವಿಂಡೋಸ್ ಇನ್‌ಸ್ಟಾಲರಿನ ಪ್ಯಾಕೇಜ್) ಫೈಲಿಗೆ ‘ಸ್ಲಾಶ್ ಕ್ಯೂಎನ್’. ಎನ್‌ಎಸ್‌ಐಎಸ್ ಅನ್ನುವ, ಇನ್‌ಸ್ಟಾಲರ್ ತಯಾರಿಸುವ ಟೂಲಿನಲ್ಲಿ ಮಾಡಿದ್ದಕ್ಕೆ ‘ಸ್ಲಾಶ್ ಎಸ್’, ಅದೂ ದೊಡ್ಡಕ್ಷರದ ಎಸ್. ಸಣ್ಣಕ್ಷರ ಹಾಕಿದರೆ ಅದಕ್ಕೆ ಕೇಳಿಸುವುದೇ ಇಲ್ಲ. ಅಂಥದೇ ಇನ್ನೊಂದು ಟೂಲಾದ ಇನ್ನೋ ಸೆಟಪ್‌ನಲ್ಲಿ ಮಾಡಿದ್ದಕ್ಕೆ ‘ಸ್ಲಾಶ್ ವೆರಿಸೈಲೆಂಟ್’, ಜೊತೆಗೆ ‘ಸ್ಲಾಶ್ ಸಪ್ರೆಸ್‌ಎಂಎಸ್‌ಜಿಬಾಕ್ಸಸ್’. ಒಂದರ ಸ್ವಿಚ್ ಇನ್ನೊಂದಕ್ಕೆ ಕೊಟ್ಟರೆ ಅದು ಮಾಮೂಲಿ ಕಿಟಕಿ ತೆರೆದು ಕೂರುತ್ತದೆ.

ಹಂಚುವ ಟೂಲಿಗೂ ತಾಳ್ಮೆಯ ಮಿತಿ ಇದೆ. ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ ಒಂದು ಅಪ್ಲಿಕೇಶನ್ನಿಗೆ ಡೀಫಾಲ್ಟ್ ಗಡುವು 120 ನಿಮಿಷ, ಇಂಟ್ಯೂನ್‌ನಲ್ಲಿ ವಿನ್32 ಆ್ಯಪಿಗೆ 60 ನಿಮಿಷ. ದೊಡ್ಡ ಪ್ಯಾಕೇಜಿಗೆ ಇದು ಸಾಲದೆ ಹೋಗಬಹುದು. ಒಂದು ಮಷೀನಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅಳೆದು, ಅತಿ ನಿಧಾನದ ಮಷೀನಿಗೆ ಹೊಂದುವ ಗಡುವು ಇಡಿ.

ಒಂದು ನಂಬರ್ ಕೊಟ್ಟು ನಿಂತಿದೆ

ನಂಬರ್ ಸಿಕ್ಕಿತಲ್ಲ, ಅರ್ಧ ಕೆಲಸ ಮುಗಿಯಿತು. 3010 ಬಂದಿದ್ದರೆ ಅದು ಸೋಲೇ ಅಲ್ಲ. ಇನ್‌ಸ್ಟಾಲ್ ಆಗಿದೆ, ರೀಸ್ಟಾರ್ಟ್ ಬೇಕು ಅಷ್ಟೇ. ನಿಮ್ಮ ಸ್ಕ್ರಿಪ್ಟ್ 0 ಒಂದನ್ನೇ ಗೆಲುವು ಅಂದುಕೊಂಡು ಕೆಂಪು ತೋರಿಸುತ್ತಿದೆ. 1641 ಅಂದರೆ ರೀಸ್ಟಾರ್ಟ್ ಆಗಲೇ ಶುರುವಾಗಿದೆ. ಯಾರೋ ಅರ್ಧ ಟೈಪ್ ಮಾಡಿದ ಕಡತ ಹೋಗಿರಬಹುದು. ಮುಂದಿನ ಸಲ ‘ಸ್ಲಾಶ್ ನೋರೀಸ್ಟಾರ್ಟ್’ ಮರೆಯಬೇಡಿ.

1618 ಅಂದರೆ ಬೇರೆ ಇನ್ನೊಂದು ಇನ್‌ಸ್ಟಾಲ್ ನಡೆಯುತ್ತಿದೆ. ವಿಂಡೋಸ್ ಇನ್‌ಸ್ಟಾಲರ್ ಒಂದು ಸಲಕ್ಕೆ ಒಂದೇ ಪ್ಯಾಕೇಜನ್ನು ಒಳಗೆ ಬಿಡುತ್ತದೆ. ಸುಮ್ನೆ ಕಾದು ಮತ್ತೆ ಒತ್ತಿ. ನಾನು ‘ಮತ್ತೆ ಪ್ರಯತ್ನಿಸು’ ಒಪ್ಪುವುದು ಇದೊಂದಕ್ಕೆ. 1619 ಅಂದರೆ ಪ್ಯಾಕೇಜ್ ತೆರೆಯಲು ಆಗಲಿಲ್ಲ: ದಾರಿ ತಪ್ಪು, ಅನುಮತಿ ಇಲ್ಲ, ಅಥವಾ ಕಾಪಿ ಅರ್ಧಕ್ಕೇ ನಿಂತ ಫೈಲ್. 1638 ಅಂದರೆ ಅದೇ ಸಾಫ್ಟ್‌ವೇರಿನ ಇನ್ನೊಂದು ಆವೃತ್ತಿ ಆಗಲೇ ಕೂತಿದೆ.

1612 ಬಂದರೆ ಮೂಲ ಫೈಲುಗಳು ಸಿಗುತ್ತಿಲ್ಲ. ಹಳೆಯದನ್ನು ತೆಗೆದು ಹೊಸದು ಹಾಕುವಾಗ ಬರುವುದು ಹೆಚ್ಚು. ವಿಂಡೋಸ್ ಫೋಲ್ಡರಿನೊಳಗೆ ‘ಇನ್‌ಸ್ಟಾಲರ್’ ಅನ್ನುವ ಅಡಗಿದ ಫೋಲ್ಡರ್ ಇದೆ, ಅದರಲ್ಲಿ ಪ್ರತಿ ಪ್ಯಾಕೇಜಿನ ಒಂದು ಪ್ರತಿ ಇರುತ್ತದೆ. ಜಾಗ ಸಾಲದು ಅಂತ ಯಾರಾದರೂ ಅದನ್ನು ಖಾಲಿ ಮಾಡಿದ್ದರೆ ಇದೇ ಗತಿ. ಆ ಫೋಲ್ಡರಿಗೆ ಕೈ ಹಾಕಲೇಬೇಡಿ.

ಇನ್ನು 1603. ಇದು ‘ಏನೋ ಕೆಟ್ಟಿದೆ’ ಅನ್ನುವ ನಂಬರ್. ಇದನ್ನೇ ಹಿಡಿದು ಹುಡುಕಿದರೆ ನೂರು ಪರಿಹಾರ ಸಿಗುತ್ತವೆ, ಒಂದೂ ನಿಮ್ಮದಲ್ಲ. ಎಂಎಸ್‌ಐ ಫೈಲುಗಳನ್ನು ಓಡಿಸುವ ಎಂಎಸ್‌ಐಎಕ್ಸೆಕ್ ಕಮಾಂಡಿಗೆ ‘ಸ್ಲಾಶ್ ಎಲ್, ನಕ್ಷತ್ರ, ವಿ’ ಮತ್ತು ಒಂದು ಫೈಲಿನ ಹೆಸರು ಸೇರಿಸಿ ಮತ್ತೆ ಓಡಿಸಿ. ಉದ್ದದ ಲಾಗ್ ಬರುತ್ತದೆ, ಸಾವಿರಾರು ಸಾಲು. ಕೊನೆಯಿಂದ ಓದಬೇಡಿ, ಕೊನೆಯಲ್ಲಿ ಇರುವುದು ಬರೀ ಅಳು. ಮೇಲಿನಿಂದ ‘ರಿಟರ್ನ್ ವ್ಯಾಲ್ಯೂ 3’ ಅಂತ ಹುಡುಕಿ. ಮೊದಲು ಸಿಕ್ಕ ಜಾಗದಲ್ಲಿ ನಿಲ್ಲಿ. ಅದರ ಮೇಲಿನ 20 ಸಾಲು ನಿಧಾನವಾಗಿ ಓದಿ. ಯಾವ ಫೈಲ್ ಬಳಕೆಯಲ್ಲಿತ್ತು, ಯಾವ ರನ್‌ಟೈಮ್ (ಸಾಫ್ಟ್‌ವೇರ್ ಓಡಲು ಬೇಕಾದ ಆಸರೆ ಫೈಲುಗಳು) ಇರಲಿಲ್ಲ, ಯಾವ ಫೋಲ್ಡರಿಗೆ ಸಿಸ್ಟಂ ಖಾತೆಗೆ ಅನುಮತಿ ಇರಲಿಲ್ಲ, ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ.

ಯಾವ ಸಾಫ್ಟ್‌ವೇರ್ ಇದೆ ಅಂತ ಪಟ್ಟಿ ತೆಗೆಯಲು ಕೆಲವರು ‘ವಿನ್32 ಪ್ರಾಡಕ್ಟ್’ ಕ್ವೆರಿ ಓಡಿಸುತ್ತಾರೆ. ಅದು ಪಟ್ಟಿ ಕೊಡುವ ನೆಪದಲ್ಲಿ ಇರುವ ಎಲ್ಲ ಎಂಎಸ್‌ಐಗಳನ್ನೂ ತಪಾಸಣೆ ಮಾಡಿ, ಕೆಲವನ್ನು ರಿಪೇರಿಗೂ ಇಳಿಸುತ್ತದೆ. ಕೆಲಸದ ಹೊತ್ತಿನಲ್ಲಿ ಅದು ಬೇಡ. ರಿಜಿಸ್ಟ್ರಿಯ (ವಿಂಡೋಸಿನ ಸೆಟ್ಟಿಂಗುಗಳ ಕಣಜ) ‘ಅನ್‌ಇನ್‌ಸ್ಟಾಲ್’ ಕೀಲಿ ಓದಿದರೆ ಸಾಕು.

ಹಸಿರು ಬಂತು, ಆದರೆ ಸಾಫ್ಟ್‌ವೇರೇ ಇಲ್ಲ

ಲಾಗಿನ ಸಮಯ ನೋಡಿ. 8 ಜಿಬಿ ಪ್ಯಾಕೇಜ್ ಮೂರು ಸೆಕೆಂಡಿನಲ್ಲಿ ಮುಗಿಯುತ್ತದಾ? ಎಷ್ಟೋ ಸೆಟಪ್ ಫೈಲುಗಳು ಬರೀ ಹೊದಿಕೆ. ಒಳಗಿನ ನಿಜವಾದ ಇನ್‌ಸ್ಟಾಲರನ್ನು ಎಬ್ಬಿಸಿ, ತಾವು 0 ಕೊಟ್ಟು ಹೊರಟುಬಿಡುತ್ತವೆ. ನಿಮ್ಮ ಸ್ಕ್ರಿಪ್ಟ್ ‘ಮುಗೀತು’ ಅಂದುಕೊಂಡು ಮೂಲ ಫೋಲ್ಡರ್ ಅಳಿಸುತ್ತದೆ. ಒಳಗಿನದು ಅರ್ಧದಲ್ಲೇ ಸಾಯುತ್ತದೆ. ಒಳಗಿರುವ ಎಂಎಸ್‌ಐ ಸಿಕ್ಕಿ, ತಯಾರಕರು ಅದಕ್ಕೆ ಒಪ್ಪಿದ್ದರೆ ಅದನ್ನೇ ನೇರವಾಗಿ ಓಡಿಸಿ. ಇಲ್ಲದಿದ್ದರೆ ಒಳಗಿನ ಪ್ರಕ್ರಿಯೆ ಮುಗಿಯುವವರೆಗೆ ಕಾಯುವಂತೆ ಸ್ಕ್ರಿಪ್ಟ್ ಬರೆಯಿರಿ.

ಇನ್ನೊಂದು ತಮಾಷೆಯ ಸಂಗತಿ. ಒಬ್ಬ ಬಳಕೆದಾರರಿಗಷ್ಟೇ ಹಾಕಿಕೊಳ್ಳುವಂತೆ ಮಾಡಿದ ಇನ್‌ಸ್ಟಾಲರನ್ನು ಸಿಸ್ಟಂ ಖಾತೆಯಲ್ಲಿ ಓಡಿಸಿದರೆ, ಅದು ಸಿಸ್ಟಂ ಖಾತೆಯ ಸ್ವಂತ ಪ್ರೊಫೈಲಿನಲ್ಲಿ ಹೋಗಿ ಕೂರುತ್ತದೆ. ಸಿಸ್ಟಂ32 ಒಳಗಿನ ಕಾನ್ಫಿಗ್, ಅದರೊಳಗಿನ ಸಿಸ್ಟಂಪ್ರೊಫೈಲ್ ಫೋಲ್ಡರಿನಲ್ಲಿ ಹುಡುಕಿ ನೋಡಿ. ಎಲ್ಲಾ ಫೈಲೂ ನೀಟಾಗಿ ಇರುತ್ತವೆ, ಮನುಷ್ಯರಿಗೆ ಮಾತ್ರ ಕಾಣುವುದಿಲ್ಲ. ‘ಎಲ್ಲ ಬಳಕೆದಾರರಿಗೂ’ ಅನ್ನುವ ಆವೃತ್ತಿ ಬೇಕು.

ಉಲ್ಟಾ ಲಕ್ಷಣವೂ ಇದೆ: ಸಾಫ್ಟ್‌ವೇರ್ ಚೆನ್ನಾಗಿ ಓಡುತ್ತಿದೆ, ಹಂಚುವ ಟೂಲಿನ ಕನ್ಸೋಲ್ ಮಾತ್ರ ಕೆಂಪು. ಸಾಫ್ಟ್‌ವೇರ್ ಇದೆಯಾ ಅಂತ ಪತ್ತೆಹಚ್ಚುವ ನಿಯಮ ತಪ್ಪು ಕಡೆ ನೋಡುತ್ತಿದೆ. 32 ಬಿಟ್ ಸಾಫ್ಟ್‌ವೇರ್ ತನ್ನ ವಿವರವನ್ನು ರಿಜಿಸ್ಟ್ರಿಯ ‘ವಾವ್6432ನೋಡ್’ ಅಡಿ ಬರೆಯುತ್ತದೆ, ನೀವು ಅದರ ಹೊರಗೆ ಹುಡುಕುತ್ತಿದ್ದೀರಿ.

ಮೊದಲ 20 ಆಯಿತು, ಆಮೇಲೆ ಎಲ್ಲಾ ನಿಂತಿತು

ಸರಿಯಾಗಿ 20ರ ಹತ್ತಿರ ನಿಂತರೆ ಪ್ಯಾಕೇಜ್ ಎಲ್ಲಿ ಇಟ್ಟಿದ್ದೀರಿ ನೋಡಿ. ವಿಂಡೋಸ್ 10 ಅಥವಾ 11 ಇರುವ ಮಾಮೂಲಿ ಡೆಸ್ಕ್‌ಟಾಪಿನ ಶೇರಿಗೆ ಒಂದೇ ಹೊತ್ತಿಗೆ 20 ಸಂಪರ್ಕ ಮಾತ್ರ. 21ನೆಯದಕ್ಕೆ ದೋಷ 71, ‘ಇನ್ನು ಸಂಪರ್ಕ ಸಾಧ್ಯವಿಲ್ಲ’. ‘ಮೂಲೆಯಲ್ಲಿ ಒಂದು ಪಿಸಿ ಖಾಲಿ ಇದೆ, ಅದರಲ್ಲೇ ಇಡೋಣ’ ಅನ್ನುವ ಉಪಾಯ ಹತ್ತು ಮಷೀನಿಗೆ ಸರಿ, 60ಕ್ಕೆ ಅಲ್ಲ.

ನೆಟ್‌ವರ್ಕೇ ತೆವಳುತ್ತಿದ್ದರೆ ಪೆನ್ನು ಹಿಡಿದು ಲೆಕ್ಕ ಹಾಕಿ. 8 ಜಿಬಿ ಅಂದರೆ 64 ಗಿಗಾಬಿಟ್. ಸರ್ವರಿನ ತಂತಿ 1 ಗಿಗಾಬಿಟ್ಟಿನದ್ದಾದರೆ ಒಂದು ಮಷೀನಿಗೆ 64 ಸೆಕೆಂಡ್, 60 ಮಷೀನಿಗೆ 3,840 ಸೆಕೆಂಡ್. ಅಂದರೆ ಒಂದು ಗಂಟೆಗೂ ಜಾಸ್ತಿ ಆ ತಂತಿ ಪೂರ್ತಿ ತುಂಬಿ ಹರಿಯುತ್ತಿರುತ್ತದೆ, ಅದೂ ಏನೂ ನಷ್ಟವಾಗದೆ ಹೋದರೆ. ನಡುವೆ ಎಲ್ಲೋ ಹಳೆಯ 100 ಮೆಗಾಬಿಟ್ ನೆಟ್‌ವರ್ಕ್ ಸ್ವಿಚ್ ಇದ್ದರೆ ಅದರ ಹಿಂದಿನವರಿಗೆ ಹತ್ತು ಪಟ್ಟು. ಹಾಗಾಗಿ ಹತ್ತು ಹದಿನೈದರ ಗುಂಪು ಮಾಡಿ, ರಾತ್ರಿ ಕಳಿಸಿ. ಕಾಪಿ ಒಂದು ಹಂತ, ಇನ್‌ಸ್ಟಾಲ್ ಇನ್ನೊಂದು ಹಂತ ಅಂತ ಬೇರೆ ಮಾಡಿ. ವಿಂಡೋಸಿನ ಕಾಪಿ ಕಮಾಂಡ್ ರೋಬೋಕಾಪಿಗೆ ‘ಸ್ಲಾಶ್ ಝಡ್’ ಕೊಟ್ಟರೆ ಕಡಿದುಹೋದ ಕಾಪಿ ನಿಂತಲ್ಲಿಂದ ಮುಂದುವರಿಯುತ್ತದೆ. ದೂರದ ಶಾಖೆಗಳಿದ್ದರೆ ಬ್ರಾಂಚ್‌ಕ್ಯಾಶ್ ಅಥವಾ ಡೆಲಿವರಿ ಆಪ್ಟಿಮೈಸೇಶನ್ ಬಳಸಿ. ಒಂದು ಮಷೀನ್ ಇಳಿಸಿದ್ದನ್ನು ಪಕ್ಕದ್ದು ಅದರಿಂದಲೇ ಪಡೆಯುತ್ತದೆ.

ಕಾಪಿ ಮುಗಿದ ಮೇಲೆ ‘ಸರ್ಟ್‌ಯುಟಿಲ್ ಹೈಫನ್ ಹ್ಯಾಶ್‌ಫೈಲ್’ ಕಮಾಂಡಿಗೆ ಫೈಲಿನ ಹೆಸರು, ‘ಎಸ್‌ಎಚ್‌ಎ256’ ಕೊಟ್ಟು ಎರಡೂ ಕಡೆಯ ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಕಾಪಿ ಕೆಟ್ಟಿದೆ. ಪೆನ್‌ಡ್ರೈವಿನಲ್ಲಿ ಒಯ್ಯುವವರು ನೆನಪಿಡಿ: ಅದರ ಫಾರ್ಮ್ಯಾಟ್ ಫ್ಯಾಟ್32 ಇದ್ದರೆ 4 ಜಿಬಿಯ ಫೈಲ್ ಕೂರುವುದಿಲ್ಲ.

ಜಾಗ ಇಲ್ಲ ಅನ್ನುತ್ತಿದೆ

112 ಬಂದರೆ ಡಿಸ್ಕ್ ತುಂಬಿದೆ. ಪ್ಯಾಕೇಜಿನಷ್ಟೇ ಜಾಗ ಸಾಲುವುದಿಲ್ಲ. ಕಾಪಿಗೆ ಒಂದು ಪಾಲು, ಬಿಚ್ಚಿದ್ದಕ್ಕೆ ಒಂದು, ಕೂತಿದ್ದಕ್ಕೆ ಒಂದು. ಮೂರು ಪಟ್ಟು ಇಟ್ಟುಕೊಳ್ಳಿ. ಕಾನ್ಫಿಗರೇಶನ್ ಮ್ಯಾನೇಜರಿನ ಕ್ಲೈಂಟ್ ಕ್ಯಾಶ್ (ಇಳಿಸಿದ್ದನ್ನು ಇಡುವ ಜಾಗ) ಡೀಫಾಲ್ಟಾಗಿ 5,120 ಎಂಬಿ. ಪ್ಯಾಕೇಜ್ ಅದಕ್ಕಿಂತ ದೊಡ್ಡದಾದರೆ ಡಿಸ್ಕಿನಲ್ಲಿ 200 ಜಿಬಿ ಖಾಲಿ ಇದ್ದರೂ ಇಳಿಯುವುದಿಲ್ಲ. ಜಾಗ ಇದ್ದೂ ಬಿಚ್ಚುವಾಗ ಸೋತರೆ ದಾರಿಯ ಉದ್ದ ನೋಡಿ. ಹಳೆಯ ಇನ್‌ಸ್ಟಾಲರುಗಳಿಗೆ 260 ಅಕ್ಷರದ ಮಿತಿ ಇದೆ. ಸಿ ಡ್ರೈವಿನ ಬುಡದಲ್ಲೇ ಒಂದೆರಡು ಅಕ್ಷರದ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ.

ಇಲ್ಲಿಗೆ ಕೈ ತೆಗೆಯಿರಿ

ಎರಡಕ್ಕಿಂತ ಹೆಚ್ಚು ಮಷೀನುಗಳು ಇನ್‌ಸ್ಟಾಲ್ ಆದ ಮೇಲೆ ಬೂಟ್ ಆಗದಿದ್ದರೆ ಆ ಕ್ಷಣವೇ ಎಲ್ಲ ನಿಲ್ಲಿಸಿ, ಹಿರಿಯ ಅಡ್ಮಿನ್ನರನ್ನು ಕರೆಯಿರಿ. ಆಂಟಿವೈರಸ್ ಪ್ಯಾಕೇಜನ್ನೇ ಹಿಡಿದು ಬೀಗ ಹಾಕಿದರೆ ಅದನ್ನು ಆಫ್ ಮಾಡಿ ಮುಂದೆ ಹೋಗಬೇಡಿ. ಫೈಲ್ ಎಲ್ಲಿಂದ ಬಂತು, ಸಹಿ ಸರಿ ಇದೆಯಾ ಅಂತ ಭದ್ರತೆಯವರು ನೋಡಲಿ. ಡೊಮೇನ್ ಕಂಟ್ರೋಲರ್ ಅಥವಾ ಲೆಕ್ಕಪತ್ರದ ಸರ್ವರ್ ತಪ್ಪಿ ಹಂಚಿಕೆಯ ಪಟ್ಟಿಗೆ ಸೇರಿದ್ದರೆ, ನೀವೇ ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಅದನ್ನು ನೋಡಿಕೊಳ್ಳುವವರಿಗೆ ತಿಳಿಸಿ, ಬ್ಯಾಕಪ್ ಇದೆಯಾ ಕೇಳಿ.

1603ರ ಲಾಗಿನಲ್ಲಿ ತಯಾರಕರ ಸ್ವಂತ ಕಸ್ಟಮ್ ಆ್ಯಕ್ಷನ್ (ಇನ್‌ಸ್ಟಾಲರಿಗೆ ಅವರೇ ಸೇರಿಸಿದ ಹಂತ) ಕೆಟ್ಟಿದೆ ಅಂತ ಕಂಡರೆ ಅದು ನಿಮ್ಮಿಂದ ಸರಿಯಾಗುವುದಿಲ್ಲ, ಅವರಿಗೇ ಬರೆಯಿರಿ. ‘ಇನ್‌ಸ್ಟಾಲ್ ಆಗ್ತಿಲ್ಲ’ ಅಂತ ಒಂದು ಸಾಲು ಬರೆದರೆ ‘ರೀಸ್ಟಾರ್ಟ್ ಮಾಡಿ ನೋಡಿದಿರಾ’ ಅಂತ ಒಂದು ಸಾಲು ಬರುತ್ತದೆ. ಉದ್ದದ ಲಾಗ್, ಅಕ್ಷರ ಬಿಡದೆ ನೀವು ಓಡಿಸಿದ ಕಮಾಂಡ್, ವಿಂಡೋಸಿನ ಬಿಲ್ಡ್ ನಂಬರ್, ಯಾವ ಖಾತೆಯಲ್ಲಿ ಓಡಿತು ಅನ್ನುವುದು, ಕೂತು ಹಾಕಿದಾಗ ಏನಾಯಿತು ಅನ್ನುವುದು, ಇಷ್ಟನ್ನೂ ಮೊದಲ ಪತ್ರದಲ್ಲೇ ಕಳಿಸಿ. ಲಾಗ್ ಕಳಿಸುವ ಮುಂಚೆ ಅದರಲ್ಲಿ ಲೈಸೆನ್ಸ್ ಕೀಲಿ, ಪಾಸ್‌ವರ್ಡ್ ಏನಾದರೂ ಸೇರಿಕೊಂಡಿದೆಯಾ ಹುಡುಕಿ ಅಳಿಸಿ. ಕಮಾಂಡಿನಲ್ಲಿ ಕೊಟ್ಟಿದ್ದು ಲಾಗಿನಲ್ಲೂ ಹಾಗೇ ಬಿದ್ದಿರುತ್ತದೆ.